ರಿವಾಲ್ವರಿಗೊಂದು ಜಾಗ

ಮನುಷ್ಯನ ಮೈಯನ್ನು ಸೃಷ್ಟಿಸಿದಾತನಿಗೆ ಕಬ್ಬಿಣದ ಸಾಮಾನಿನ ಕಲ್ಪನೆಯೇ ಇರಲಿಲ್ಲ ಎಂಬ ಸತ್ಯ ನನಗೆ ಹೊಳೆದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ನನ್ನ ಶರೀರದ ವಿನ್ಯಾಸದ ಬಗ್ಗೆ ನನಗೆ ಹೇಳಿಕೊಳ್ಳುವಂಥ ದೂರು ಇರಲಿಲ್ಲ. ಕನ್ನಡಕಕ್ಕೆ ಕಿವಿ ಇದೆ, ಕೊಡೆಗೆ ಮೊಣಕೈ ಇದೆ, ಜನಿವಾರಕ್ಕೆ ಹೆಗಲಿದೆ. ಆದರೆ ಮುಕ್ಕಾಲು ಕೇಜಿ ತೂಕದ ಒಂದು ರಿವಾಲ್ವರನ್ನು ಯಾರಿಗೂ ಕಾಣದ ಹಾಗೆ, ಎಲ್ಲೂ ಚುಚ್ಚದ ಹಾಗೆ, ಮುಖ್ಯವಾಗಿ ಬೀಳದ ಹಾಗೆ ಇಟ್ಟುಕೊಳ್ಳೋಣವೆಂದರೆ ಈ ಐದೂವರೆ ಅಡಿಯಲ್ಲಿ ಒಂದಂಗುಲ ಜಾಗವಿಲ್ಲ. ಇದು ಊಹೆಯ ಮಾತಲ್ಲ. ಎಂಟು ತಿಂಗಳ ಕಾಲ ಸ್ವಂತ ಸೊಂಟದ ಮೇಲೆ ಪ್ರಯೋಗ ಮಾಡಿ ಕಂಡುಕೊಂಡದ್ದು.

ಓದುಗರು ಗಾಬರಿಯಾಗಬೇಕಾಗಿಲ್ಲ. ನಾನು ಮೈಸೂರಿನಲ್ಲಿ ಮೂವತ್ತೈದು ವರ್ಷಗಳಿಂದ ಸಿವಿಲ್ ವಕೀಲ. ನನ್ನ ಕಚೇರಿ ಲಷ್ಕರ್ ಮೊಹಲ್ಲಾದ ಒಂದು ಮಹಡಿಯ ಮೇಲೆ, ಒಂದು ಪಾತ್ರೆ ಅಂಗಡಿಯ ನೆತ್ತಿಗೆ ಇದೆ. ನಾವು ಸಿವಿಲ್ ವಕೀಲರು ಹಿಂಸೆಗೆ ಹುಟ್ಟಿದವರಲ್ಲ. ಎದುರಾಳಿಯನ್ನು ಮುಗಿಸಬೇಕೆನ್ನಿಸಿದರೆ ಒಂದು ವಾಯಿದೆ ಕೇಳುತ್ತೇವೆ, ಆಮೇಲೆ ಇನ್ನೊಂದು ಕೇಳುತ್ತೇವೆ. ಉಳಿದದ್ದನ್ನು ಅವನ ವಯಸ್ಸು ನೋಡಿಕೊಳ್ಳುತ್ತದೆ. ಇಂಥ ಅಹಿಂಸಾವಾದಿಯ ಸೊಂಟಕ್ಕೆ ರಿವಾಲ್ವರ್ ಬಂದದ್ದು ಸಾಕಮ್ಮನ ದೆಸೆಯಿಂದ.

ಸಾಕಮ್ಮ ಹಿನಕಲ್‌ನವಳು. ಎಪ್ಪತ್ತು ದಾಟಿದ ವಿಧವೆ. ಹಿನಕಲ್ ಹಳ್ಳಿಯಾಗಿದ್ದಾಗ ಅವಳದು ಹೊಲ. ಊರು ಬಂದು ಹಳ್ಳಿಯನ್ನು ನುಂಗಿದ ಮೇಲೆ ಉಳಿದದ್ದು ಹನ್ನೆರಡು ಗುಂಟೆ, ಅದರಲ್ಲೊಂದು ಹೆಂಚಿನ ಮನೆ. ಪಕ್ಕದ ಬಡಾವಣೆಯವರು ಪೂರ್ವದ ಎಲ್ಲೆಕಲ್ಲು ತಮ್ಮದೆಂದು ದಾವೆ ಹೂಡಿದ್ದರು. ಆ ಕಲ್ಲು ನಾಲ್ಕು ಮಾರು ಈಚೆಗೆ ಸರಿದರೆ ಸಾಕು, ಸಾಕಮ್ಮನ ಮನೆಯ ಅಡುಗೆಕೋಣೆ ಬಡಾವಣೆಯ ರಸ್ತೆಯಾಗುತ್ತದೆ. ನಾನು ಅವಳ ಮೂರನೆಯ ವಕೀಲ. ಮೊದಲಿನಿಬ್ಬರು ಕೇಸಿನ ಕಟ್ಟನ್ನು ಬಹಳ ವಿನಯದಿಂದ ಅವಳ ಕೈಗೇ ವಾಪಸು ಕೊಟ್ಟು, ತಮಗೆ ಆರೋಗ್ಯ ಸರಿಯಿಲ್ಲವೆಂದು ಹೇಳಿದ್ದರು. ಅವರ ಆರೋಗ್ಯ ಏಕೆ ಕೆಟ್ಟಿತೆಂಬುದು ನಾನು ವಕಾಲತ್ತು ಹಾಕಿದ ಮೂರನೆಯ ದಿನ ನನಗೂ ತಿಳಿಯಿತು. ಒಂದು ಫೋನು ಬಂತು.

"ವಕೀಲ್ರೇ, ನಮಸ್ಕಾರ. ದಿನಾ ಬೆಳಿಗ್ಗೆ ವಾಕಿಂಗ್ ಹೋಗ್ತೀರಂತೆ. ಆರೋಗ್ಯಕ್ಕೆ ಒಳ್ಳೇದು. ಹೋಗ್ಬರ್ತಾ ಇರಿ. ಹೋಗೋದೇನು ಯಾರ್ ಬೇಕಾದ್ರೂ ಹೋಗ್ತಾರೆ. ಬರೋದು ಮುಖ್ಯ."

ಇಷ್ಟು ಸೌಜನ್ಯದ ಬೆದರಿಕೆಯನ್ನು ನಾನು ಕೇಳಿರಲಿಲ್ಲ. ನನ್ನ ಹೆಂಡತಿ ಸೀತಾಲಕ್ಷ್ಮಿ ಮಾತ್ರ ಸೌಜನ್ಯಕ್ಕೆ ಮರುಳಾಗಲಿಲ್ಲ. "ರೀ, ಆ ಕಟ್ಟು ವಾಪಸ್ ಕೊಟ್ಬಿಡಿ" ಎಂದಳು. ಕೊಡಬಹುದಿತ್ತು. ಆದರೆ ಸಾಕಮ್ಮನಿಗೆ ನಾಲ್ಕನೆಯ ವಕೀಲ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಹಾಗೆಂದು ಧೈರ್ಯವೂ ಇರಲಿಲ್ಲ. ಧೈರ್ಯವಿಲ್ಲದವನು ಸಾಧನವನ್ನು ಹುಡುಕುತ್ತಾನೆ. ವಕೀಲರ ಸಂಘದ ಗೆಳೆಯರು ಲೈಸೆನ್ಸಿಗೆ ಅರ್ಜಿ ಹಾಕಿಸಿದರು. ವಿಚಾರಣೆಗೆ ಬಂದ ಪೊಲೀಸ್ ಅಧಿಕಾರಿ, ನಿಮಗೆ ಯಾರ ಮೇಲೆ ಅನುಮಾನ ಎಂದು ಕೇಳಿದರು. ಫೋನಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡುವವನ ಮೇಲೆ ಎಂದೆ. ಅಂತೂ ಲೈಸೆನ್ಸೂ ಬಂತು, ರಿವಾಲ್ವರೂ ಬಂತು. ಸೀತಾಲಕ್ಷ್ಮಿ ಒಂದೇ ಒಂದು ಷರತ್ತು ಹಾಕಿದಳು: ಗುಂಡುಗಳ ಡಬ್ಬಿ ಬೀರುವಿನಲ್ಲಿರತಕ್ಕದ್ದು, ಬೀರುವಿನ ಬೀಗದ ಕೈ ತನ್ನ ಸೊಂಟದಲ್ಲಿರತಕ್ಕದ್ದು. ಹೀಗಾಗಿ ನಮ್ಮ ದಾಂಪತ್ಯದಲ್ಲಿ ರಿವಾಲ್ವರ್ ನನ್ನ ಖಾತೆ, ಗುಂಡು ಅವಳ ಖಾತೆ. ಮೂವತ್ತು ವರ್ಷಗಳಿಂದ ಮಿಕ್ಕ ವಿಷಯಗಳಲ್ಲೂ ವ್ಯವಸ್ಥೆ ಇದೇ ಆದ್ದರಿಂದ ನಾನು ತಕರಾರು ಮಾಡಲಿಲ್ಲ.

ಇನ್ನು ಉಳಿದದ್ದು, ಎಲ್ಲಿಟ್ಟುಕೊಳ್ಳುವುದು ಎಂಬ ಸಣ್ಣ ವಿಷಯ.

ಮೊದಲು ಬೆಲ್ಟಿಗೆ ಸಿಕ್ಕಿಸುವ ಚರ್ಮದ ಚೀಲ. ಅಂಗಡಿಯವನು ಅದನ್ನು ತೆಳ್ಳಗಿನ ತನ್ನ ಸೊಂಟಕ್ಕೆ ಸಿಕ್ಕಿಸಿ ತೋರಿಸಿದಾಗ ಅದು ಅವನ ಅಂಗವೇ ಎಂಬಂತೆ ಕೂತಿತ್ತು. ನನ್ನ ಸೊಂಟ ಎಲ್ಲಿಂದ ಆರಂಭವಾಗುತ್ತದೆ ಎಂಬುದೇ ವಿವಾದಾಸ್ಪದ. ಹೊಟ್ಟೆಯ ಮೇಲಿಟ್ಟರೆ ಕೂತಾಗ ಹಿಡಿ ಬಂದು ಪಕ್ಕೆಲುಬಿಗೆ ತಿವಿಯುತ್ತಿತ್ತು. ಕೆಳಗಿಟ್ಟರೆ ಪ್ಯಾಂಟೇ ಅದರ ಜೊತೆ ಹೊರಡುತ್ತಿತ್ತು. ಸಿಟಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮಹಾಶಯ, "ಸಾರ್, ನಿಮ್ ಟಿಫನ್ ಬಾಕ್ಸ್ ಸ್ವಲ್ಪ ಆಚೆ ಸರಿಸ್ಕೊಳ್ಳಿ, ಒತ್ತುತ್ತೆ" ಎಂದ. ಒಂದು ಕೈಯಿಂದ ಸೊಂಟ ಹಿಡಿದುಕೊಂಡೇ ನಡೆಯುವುದು ಅಭ್ಯಾಸವಾಯಿತು. ಕೋರ್ಟಿನ ಒಳಕ್ಕೆ ಅದನ್ನು ಒಯ್ಯುವಂತಿಲ್ಲವಾದ್ದರಿಂದ ಅಲ್ಲಿಗೆ ಹೋಗುವ ದಿನ ಮನೆಯಲ್ಲೇ ಬಿಟ್ಟಿರುತ್ತಿದ್ದೆ. ಆದರೆ ಕೈಗೆ ಆ ಸುದ್ದಿ ಗೊತ್ತಿಲ್ಲದೆ ಸೊಂಟದ ಮೇಲೇ ಇರುತ್ತಿತ್ತು. ಸಾಕಮ್ಮ ಕೋರ್ಟಿನ ಮೆಟ್ಟಿಲ ಮೇಲೆ ನನ್ನನ್ನು ನೋಡಿ ಮರುಗಿದಳು.

"ಸೊಂಟ ಹಿಡ್ಕಂಡದಾ ಸಾಮಿ?"

"ಹೂಂ, ಸ್ವಲ್ಪ."

"ನಮ್ ಯಜಮಾನ್ರಿಗೂ ಇಂಗೇ ಆಗಿತ್ತು. ಹರಳೆಣ್ಣೆ ಬಿಸಿ ಮಾಡಿ ತಿಕ್ಕಿ, ಬುಡುತ್ತೆ."

ಮುಂದಿನ ವಾಯಿದೆಗೆ ಒಂದು ಸೀಸೆ ಹರಳೆಣ್ಣೆ ತಂದೇ ಕೊಟ್ಟಳು. ಅವಳ ರಕ್ಷಣೆಗೆಂದು ನಾನು ಹೊತ್ತ ಆಯುಧಕ್ಕೆ ಅವಳೇ ಔಷಧ ಒದಗಿಸುವಂತಾಯಿತು.

ಬೆಲ್ಟು ಬೇಡವೆಂದು ಕಂಕುಳಿಗೆ ಬಂದೆ. ಹೆಗಲಿನಿಂದ ಪಟ್ಟಿಗಳು ಇಳಿದು ಎಡಗಂಕುಳಲ್ಲಿ ರಿವಾಲ್ವರ್ ತೂಗುತ್ತದೆ. ಮೇಲೆ ಕೋಟು ಹಾಕಿಕೊಂಡರೆ ಕಾಣುವುದಿಲ್ಲ. ಕೋಟು ಹಾಕುವುದು ವಕೀಲನಿಗೆ ಸಹಜವೇ. ಆದರೆ ಚೈತ್ರದ ಬಿಸಿಲಿನಲ್ಲಿ ಮದುವೆಯ ಊಟಕ್ಕೂ ಕೋಟು ಬಿಚ್ಚದೆ ಕೂತಿದ್ದರೆ ಜನ ಬೇರೆ ಕಾರಣಗಳನ್ನು ಹುಡುಕುತ್ತಾರೆ. ಆ ಮದುವೆಯಲ್ಲೇ ನನ್ನ ಬಾಲ್ಯದ ಗೆಳೆಯನೊಬ್ಬ ಹತ್ತು ವರ್ಷದ ಮೇಲೆ ಸಿಕ್ಕವನು ಬಾಚಿ ತಬ್ಬಿಕೊಂಡ. ತಬ್ಬಿಕೊಂಡವನು ಹಾಗೆಯೇ ನಿಂತುಬಿಟ್ಟ. ನಿಧಾನವಾಗಿ ಬಿಡಿಸಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, "ಯಾವಾಗ ಕಣೋ ಹಾಕಿಸ್ಕೊಂಡೆ ಪೇಸ್‌ಮೇಕರು? ಒಂದ್ ಮಾತು ಹೇಳ್ಬಾರ್ದಾ?" ಎಂದ. ನಿಜ ಹೇಳುವಂತಿರಲಿಲ್ಲ, ಹೋದ ಯುಗಾದಿಗೆ ಎಂದೆ. ಮೈಸೂರಿನಲ್ಲಿ ಒಬ್ಬರಿಗೆ ಹೇಳಿದ ಮೇಲೆ ಮುಗಿಯಿತಲ್ಲ. ಮಾರನೆಯ ದಿನದಿಂದ ಮನೆಗೆ ಮೋಸಂಬಿ, ದಾಳಿಂಬೆ ಬರತೊಡಗಿದವು. ಸೀತಾಲಕ್ಷ್ಮಿ ಹದಿನೈದು ದಿನ ನನ್ನ ಹೃದಯ ವಿಚಾರಿಸಲು ಬಂದವರಿಗೆ ಕಾಫಿ ಮಾಡಿದಳು. ಬಂದವರೆಲ್ಲ ಹೊರಡುವಾಗ ನನಗೆ ಹೇಳಿದ್ದು ಒಂದೇ: "ಟೆನ್ಷನ್ ಕೇಸುಗಳನ್ನ ಬಿಟ್ಬಿಡಿ." ಅವಳು ಬಾಗಿಲ ಬಳಿ ನಿಂತು, ಕೇಳಿಸಿತೇ ಎಂಬಂತೆ ನನ್ನನ್ನು ನೋಡುತ್ತಿದ್ದಳು.

ಇಂಥ ಒಂದು ಸಂಜೆ ಮನಶ್ಶಾಂತಿಗೆಂದು ಚಾಮುಂಡಿ ಬೆಟ್ಟಕ್ಕೆ ಹೋದವನಿಗೆ ಒಂದು ವಿಷಯ ಹೊಳೆಯಿತು. ಆಯುಧವನ್ನು ಅಡಗಿಸಿಕೊಂಡು ತಿರುಗುವುದು ನಮ್ಮ ಸಂಪ್ರದಾಯವೇ ಅಲ್ಲ. ಅಲ್ಲಿ ನಿಂತಿರುವ ಮಹಿಷಾಸುರನನ್ನೇ ನೋಡಿ: ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ನಾಗರಹಾವು, ಮುಚ್ಚುಮರೆಯಿಲ್ಲ. ತಾಯಿಯಂತೂ ಆಯುಧಕ್ಕೊಂದು ಕೈಯಂತೆ ಪಡೆದು ಬಂದವಳು; ಜೇಬಿನ ಪ್ರಶ್ನೆಯೇ ಅವಳಿಗೆ ಏಳಲಿಲ್ಲ. ಹಳೆಯ ದೇವಸ್ಥಾನಗಳ ಗೋಡೆಯ ವೀರರೂ ಕಠಾರಿಯನ್ನು ನಡುಪಟ್ಟಿಗೆ ಸಿಕ್ಕಿಸಿ ಎಲ್ಲರಿಗೂ ಕಾಣುವಂತೆ ನಿಂತಿದ್ದಾರೆ. ಮೇಲಾಗಿ ಅವರಿಗೆಲ್ಲ ಸೊಂಟವಿದೆ. ಬಚ್ಚಿಡಲೇಬೇಕಾಗಿ ಬಂದವರು ಪುರಾಣದಲ್ಲಿ ಒಂದೇ ಕಡೆ ಸಿಗುತ್ತಾರೆ, ಅಜ್ಞಾತವಾಸಕ್ಕೆ ಹೊರಟ ಆ ಐವರು ಅಣ್ಣತಮ್ಮಂದಿರು. ಅಂಥ ಬಲಶಾಲಿಗಳೂ ಆಯುಧವನ್ನು ಬಟ್ಟೆಯೊಳಗೆ ಇಟ್ಟುಕೊಳ್ಳುವ ಸಾಹಸಕ್ಕೆ ಹೋಗಲಿಲ್ಲ. ಮೂಟೆ ಕಟ್ಟಿ ಬನ್ನಿಮರಕ್ಕೆ ನೇತುಹಾಕಿ ಕೈಬೀಸಿಕೊಂಡು ನಡೆದರು. ಅವರಿಗೂ ಪಕ್ಕೆಗೆ ಒತ್ತಿರಬೇಕು.

ನನಗೆ ಬನ್ನಿಮರವಿರಲಿಲ್ಲ, ಬಟ್ಟೆಯ ಚೀಲವಿತ್ತು. ಮದುವೆಯಲ್ಲಿ ತಾಂಬೂಲ ಕೊಡುವ, ವಧೂವರರ ಹೆಸರು ಅಚ್ಚಾದ ಚೀಲಗಳು ನಮ್ಮ ಮನೆಯಲ್ಲಿ ನೂರಾರಿವೆ. ಅಂಥದೊಂದರಲ್ಲಿ ರಿವಾಲ್ವರಿಟ್ಟು, ಮೇಲೆ ಒಂದು ಟವಲು ಹಾಕಿ, ದೇವರಾಜ ಮಾರುಕಟ್ಟೆಗೆ ಹೋದೆ. ವೀಳ್ಯದೆಲೆ ಮಾರುವಾಕೆ ನನ್ನ ಕೈಯಿಂದ ಚೀಲ ಕಿತ್ತುಕೊಂಡು, ಎಲೆಯ ಕಟ್ಟನ್ನು ಟವಲಿನ ಕೆಳಗೆ ತುರುಕಲು ಕೈ ಹಾಕಿ, "ಇದೇನ್ ಸಾಮಿ, ನಲ್ಲಿ ರಿಪೇರಿಗೆ ತಂದಿದ್ದೀರಾ?" ಎಂದಳು. ಹೌದೆಂದೆ. "ನಮ್ಮನೇದೂ ಸೋರ್ತದೆ, ಯಾರ್ ಮಾಡ್ತಾರೆ?" ಎಂದು ಕೇಳಿದಳು. ಒಬ್ಬ ಕೊಳಾಯಿ ಕೆಲಸದವನ ವಿಳಾಸ ಕೊಟ್ಟು ಮನೆಗೆ ಬಂದೆ. ಕಣಕಾಲಿಗೆ ಕಟ್ಟಿಕೊಳ್ಳುವ ಪದ್ಧತಿಯೂ ಒಂದಿದೆಯಂತೆ. ಯಾರ ಮನೆಗೆ ಹೋದರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕಾಲು ತೊಳೆದುಕೊಂಡು ಒಳಗೆ ಬರುವ ನಾಡಿನಲ್ಲಿ ಅದನ್ನು ಯಾರು ಕಟ್ಟಿಕೊಂಡಾರು, ನನಗೆ ತಿಳಿಯದು.

ಕಡೆಗೆ ಮೊರೆಹೋದದ್ದು ದೇವರಾಜ ಮೊಹಲ್ಲಾದ ನಂಜುಂಡಣ್ಣನಿಗೆ. ನನ್ನ ಮೊದಲ ಕರಿಕೋಟನ್ನು ಹೊಲಿದ ದರ್ಜಿ ಅವನು. ಪ್ಯಾಂಟಿನ ಒಳಗೆ, ಎಡಗಡೆ, ಒಂದು ಗುಪ್ತ ಜೇಬು ಬೇಕೆಂದೆ. ಟೇಪು ಕೊರಳಿಗೆ ಹಾಕಿಕೊಂಡು ಕೇಳಿದ:

"ಏನ್ ಇಡಕ್ಕೆ ಸಾರ್?"

"ಕನ್ನಡಕದ ಡಬ್ಬಿ."

ನಾನು ಕೈಯಲ್ಲಿ ಅಳತೆ ತೋರಿಸಿದೆ. ಅವನು ಆ ಅಳತೆಯನ್ನೂ ನನ್ನ ಮುಖವನ್ನೂ ಒಂದಾದ ಮೇಲೊಂದು ನೋಡಿದ.

"ಕನ್ನಡಕ ಯಾರ್ದು ಸಾರ್, ಅರಮನೆ ಆನೇದಾ?"

ಆದರೂ ಹೊಲಿದುಕೊಟ್ಟ. ಮೊದಲ ಬಾರಿಗೆ ನಾನು ಎರಡೂ ಕೈ ಬೀಸಿ ನಡೆದೆ. ಆಯುಧ ತೊಡೆಯ ಪಕ್ಕದಲ್ಲಿ ಮಲಗಿದ ಬೆಕ್ಕಿನಂತೆ ಇತ್ತು. ಈ ನೆಮ್ಮದಿ ಸರಿಯಾಗಿ ದಸರೆಯವರೆಗೆ ಉಳಿಯಿತು.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಇದುವರೆಗೆ ಪೂಜೆಗೊಳ್ಳುತ್ತಿದ್ದ ಆಯುಧಗಳೆಂದರೆ ಈಳಿಗೆಮಣೆ, ಕತ್ತರಿ, ಮಿಕ್ಸಿ ಮತ್ತು ನನ್ನ ಸ್ಕೂಟರು. ಎಂಟು ತಿಂಗಳಿಂದ ರಿವಾಲ್ವರಿನ ಮುಖ ನೋಡದ ಸೀತಾಲಕ್ಷ್ಮಿ ಆ ದಿನ ತಾನೇ ಬಂದು ಕೈಚಾಚಿದಳು. "ಕೊಡಿ ಇಲ್ಲಿ. ಮನೇಲಿರೋ ನಿಜವಾದ ಆಯುಧ ಇದೊಂದೇ. ಇದನ್ನ ಬಚ್ಚಿಟ್ಟು ಈಳಿಗೆಮಣೆಗೆ ಮಂಗಳಾರತಿ ಎತ್ತಿದ್ರೆ ಚಾಮುಂಡಿ ಏನಂದ್ಕೋತಾಳೆ?" ಬಾಳೆಲೆಯ ಮೇಲೆ ಅದಕ್ಕೆ ಮಧ್ಯದ ಸ್ಥಾನ ಸಿಕ್ಕಿತು. ತೇದ ಗಂಧವನ್ನು ಹಿಡಿಯಿಂದ ಮೂತಿಯವರೆಗೆ ಧಾರಾಳವಾಗಿ ಹಚ್ಚಿ, ಅರಿಸಿನ ಕುಂಕುಮವಿಟ್ಟು, ಕೊರಳಿಗೆ ಗೆಜ್ಜೆವಸ್ತ್ರ ಹಾಕಿ, ಸೇವಂತಿಗೆ ಏರಿಸಿದಳು. ಪೂಜೆಯಾದ ಕುಂಕುಮವನ್ನು ಒರೆಸುವ ಪದ್ಧತಿ ನಮ್ಮಲ್ಲಿಲ್ಲ, ಅದು ತಾನಾಗಿ ಉದುರಬೇಕು. ಸ್ಕೂಟರಿನ ದೀಪದ ಮೇಲಿನ ಕುಂಕುಮ ಯುಗಾದಿಯವರೆಗೂ ಇರುತ್ತದೆ, ಗಾಡಿ ಓಡುವುದಿಲ್ಲವೇ? ಅದೇ ತರ್ಕದಲ್ಲಿ ರಿವಾಲ್ವರನ್ನೂ ಹಾಗೆಯೇ ಎತ್ತಿ ಗುಪ್ತ ಜೇಬಿಗೆ ಇಳಿಸಿದೆ.

ಅದಾಗಿ ಒಂದು ವಾರಕ್ಕೆ, ಕೋರ್ಟಿನ ಆಜ್ಞೆಯಂತೆ, ಸಾಕಮ್ಮನ ಜಮೀನನ್ನು ಅಳೆಯುವ ದಿನ ಬಂತು. ಕಮಿಷನರ್ ಆಗಿ ಒಬ್ಬ ಕಿರಿಯ ವಕೀಲೆ, ಜೊತೆಗೆ ಸರ್ವೇಯರು, ಬಂದೋಬಸ್ತಿಗೆ ಒಬ್ಬ ಪೇದೆ. ಅಂದು ಅಳತೆ ಮುಗಿದು ಕಲ್ಲು ಎಲ್ಲಿದೆಯೆಂದು ದಾಖಲಾದರೆ ಸಾಕಮ್ಮನ ಮನೆ ಉಳಿಯಿತು. ಗಲಾಟೆಯಾಗಿ ಅಳತೆ ನಿಂತರೆ, ಮುಂದಿನ ಸಲ ಬರುವಷ್ಟರಲ್ಲಿ ಕಲ್ಲು ಅಲ್ಲೇ ಇರುತ್ತದೆಂದು ಹೇಳುವಂತಿಲ್ಲ. ಹಿಂದೆ ಎರಡು ಸಲ ಹೀಗೇ ನಿಂತಿತ್ತು, ಮೊದಲಿನ ಇಬ್ಬರು ವಕೀಲರ ಆರೋಗ್ಯ ಕೆಟ್ಟದ್ದೂ ಅದೇ ದಿನಗಳಲ್ಲಿ. ಹೊರಡುವಾಗ ಸೀತಾಲಕ್ಷ್ಮಿ, "ಇವತ್ತೊಂದಿನ ಹೋಗ್ಬನ್ನಿ. ಬಂದ್ಮೇಲೆ ಕಟ್ಟು ವಾಪಸ್ ಕೊಡ್ತೀನಿ ಅಂತ ಮಾತು ಕೊಡಿ" ಎಂದಳು. ಹೂಂ ಎಂದೆ. ಸತ್ಯವಾಗಿ ಹೇಳುತ್ತೇನೆ, ಆ ಹೂಂ ಪೂರ್ತಿ ಸುಳ್ಳಾಗಿರಲಿಲ್ಲ.

ನಾವು ಹೋದಾಗ ಸಾಕಮ್ಮ ಎಲ್ಲೆಕಲ್ಲಿನ ಮೇಲೆಯೇ ಕೂತಿದ್ದಳು. ಬೆಳಗಿನಿಂದ ಅಲ್ಲೇ ಇದ್ದಳಂತೆ. ಸೊಂಟದಲ್ಲಿ ಎಲೆಅಡಿಕೆ ಚೀಲ, ಬಾಯಲ್ಲಿ ತಾಂಬೂಲ. "ನಾನು ಕುಂತಿರಗಂಟ ಕಲ್ಲು ಎಲ್ಲಿಗೆ ಓದಾದು ಸಾಮಿ?" ಎಂದಳು. ಆಚೆ ಬದಿಯಲ್ಲಿ ಬಡಾವಣೆಯ ಕಡೆಯವರು ಏಳೆಂಟು ಜನ ನಿಂತಿದ್ದರು. ಮುಂದೆ ನಿಂತವನು ದಪ್ಪ ಸರ ಹಾಕಿದ್ದ, ಅಂಗಿಯನ್ನು ಪ್ಯಾಂಟಿನ ಮೇಲೆ ಸಡಿಲವಾಗಿ ಬಿಟ್ಟಿದ್ದ. "ನಮಸ್ಕಾರ ವಕೀಲ್ರೇ, ಆರೋಗ್ಯನಾ?" ಎಂದ. ಆ ಮರ್ಯಾದೆಯ ದನಿ ನನಗೆ ಗುರುತು ಸಿಕ್ಕಿತು. ಕೈ ತಾನಾಗಿ ಎಡತೊಡೆಯ ಮೇಲೆ ಹೋಯಿತು.

ಸರ್ವೇಯರು ಅಳೆದು ಅಳೆದು ಕಲ್ಲಿನ ಬಳಿ ಬಂದು, ಕಲ್ಲಿನ ಮೇಲಿನ ಹಳೆಯ ಗುರುತನ್ನು ನಾನೂ ನೋಡಬೇಕೆಂದರು. ಸಾಕಮ್ಮ ಎದ್ದು ಜಾಗ ಬಿಟ್ಟಳು. ನಾನು ಬಗ್ಗಿದೆ. ನಂಜುಂಡಣ್ಣ ಆನೆಯ ಕನ್ನಡಕಕ್ಕೆಂದು ಹೊಲಿದ ಜೇಬು ಬಗ್ಗದ ಆನೆಗೆ ಮಾತ್ರ ಎಂದು ಆಗ ತಿಳಿಯಿತು. ಒಳಗೆ ಎಲ್ಲೋ ಪರ್ ಎಂದಿತು. ರಿವಾಲ್ವರ್ ತೊಡೆಯಿಂದ ಹೊರಟು, ಮಂಡಿಯ ಬಳಿ ಸ್ವಲ್ಪ ತಂಗಿ, ಮೀನಖಂಡದ ಮೇಲೆ ಜಾರಿ, ಪ್ಯಾಂಟಿನ ಕೆಳಬಾಯಿಯಿಂದ ಹೊರಬಂದು, ಬೂಟಿನ ಪಕ್ಕದ ಗರಿಕೆಯ ಮೇಲೆ ಮಲಗಿತು. ಅರಿಸಿನ, ಕುಂಕುಮ, ಬಾಡಿದ ಗೆಜ್ಜೆವಸ್ತ್ರ, ಒಂದೆರಡು ಸೇವಂತಿಗೆ ದಳಗಳ ಸಮೇತ.

ಕಮಿಷನರಮ್ಮನ ಪೆನ್ನು ಕಾಗದದ ಮೇಲೆ ನಿಂತಿತು. ಅಳತೆ ನಿಲ್ಲಿಸಲು ಎದುರಾಳಿಗಳಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಸಾಕಮ್ಮನ ಅಡುಗೆಕೋಣೆಯನ್ನು ನಾನೇ ಕೈಯಾರೆ ಕೊಟ್ಟ ಹಾಗಾಗಿತ್ತು. ಅವಳು ಮಾತ್ರ ಬಗ್ಗಿ ಅದನ್ನೆತ್ತಿ, ಕುಂಕುಮ ನೋಡಿ, ಎರಡೂ ಕಣ್ಣಿಗೆ ಒತ್ತಿಕೊಂಡಳು.

"ಓ, ಇದಾ ನಿಮ್ ಸೊಂಟ್ ನೋವು!" ಎಂದಳು.

ಸರದವನು ನಗತೊಡಗಿದ. ನಗುತ್ತಲೇ ಹತ್ತಿರ ಬಂದು ಅವಳ ಕೈಯಲ್ಲಿದ್ದದ್ದನ್ನು ಬಗ್ಗಿ ನೋಡಿದ. "ಏನ್ ಸಾರ್ ಇದು, ನಳಿಕೆ ತುಂಬಾ ಗಂಧ ಮೆತ್ಕೊಂಡಿದೆ! ಹಿಂಗೆ ಹೊಡೆದ್ರೆ ಮುಂದಕ್ಕೆ ಹೋಗಲ್ಲ, ನಿಮ್ ಕೈಯಲ್ಲೇ ಸಿಡಿಯುತ್ತೆ." ತಿಳಿದವನಿಗೆ ತಿಳಿಯದವನ ಮೇಲೆ ಹುಟ್ಟುವ ನಿಜವಾದ ಕನಿಕರ ಅವನ ದನಿಯಲ್ಲಿತ್ತು. "ಇನ್ನು ಇಟ್ಕೊಳೋ ರೀತಿ ನೋಡಿ. ಬಲಗೈಯವರು ಎಡಗಡೆ ಇಡ್ತಾರಾ ಯಾರಾದ್ರೂ? ಬೆಲ್ಟು ಗಟ್ಟಿ ಇರ್ಬೇಕು ಸಾರ್, ನಿಮ್ದು ರಿಬ್ಬನ್ ಇದ್ದಂಗಿದೆ. ಬೆನ್ ಕಡೆ, ಸೊಂಟದ ಗುಳಿ ಇರುತ್ತಲ್ಲ, ಅಲ್ಲಿಟ್ಟು ಮೇಲೆ ಅಂಗಿ ಬುಟ್ಬುಟ್ರೆ ಓಡಿದ್ರೂ ಬೀಳಲ್ಲ, ಕೂತ್ರೂ ಒತ್ತಲ್ಲ."

ಎಂಟು ತಿಂಗಳಲ್ಲಿ ನನಗೆ ಸಿಕ್ಕ ಮೊಟ್ಟಮೊದಲ ತಜ್ಞ ಸಲಹೆ ಅದು. ನಾಚಿಕೆ ಬಿಟ್ಟು ಹೇಳುವುದಾದರೆ, ನಾನು ಕಿವಿಗೊಟ್ಟು ಕೇಳಿದೆ. ಸಾಕಮ್ಮ ನನಗಿಂತ ಹೆಚ್ಚು ಕಿವಿಗೊಟ್ಟಿದ್ದಳು. ತಾಂಬೂಲವನ್ನು ದವಡೆಗೆ ಸರಿಸಿ ಕೇಳಿದಳು:

"ನಿನ್ ತಾವೂ ಒಂದದಾ ಮಗ? ಎಲ್ಲಿ, ಎಂಗೆ ಮಡಗಿದ್ದೀಯ, ತೋರ್ಸಪ್ಪ ಅತ್ಲಾಗೆ. ನಮ್ ಲಾಯರ್ ಸಾಮೀನೂ ಕಲ್ತ್ಕಳ್ಳಿ."

ಅವಳ ದನಿಯಲ್ಲಿ ಕೊಂಕಿತ್ತೋ ಇರಲಿಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ. ಅವನ ಕೈ ಮಾತ್ರ ಅರಿವಿಲ್ಲದೆ ಬೆನ್ನ ಹಿಂದೆ ಹೋಗಿ ಅಂಗಿಯ ತುದಿಯನ್ನು ಕೆಳಕ್ಕೆಳೆಯಿತು. ಅದುವರೆಗೆ ಬೇಲಿಯ ಹೂ ನೋಡುತ್ತಿದ್ದ ಪೇದೆ ಆ ಕೈಯನ್ನು ನೋಡಿದ. ಕಮಿಷನರಮ್ಮ ನನ್ನತ್ತ ತಿರುಗಿ, "ಸಾರ್, ನಿಮ್ದಕ್ಕೆ ಲೈಸೆನ್ಸ್ ಇದೆಯಲ್ಲ?" ಎಂದರು. ಜೇಬಿನಿಂದ ತೆಗೆದು ತೋರಿಸಿದೆ. ಆಕೆ ಅದನ್ನು ನಿಧಾನವಾಗಿ ಓದಿ ಹಿಂತಿರುಗಿಸಿ, ಅಷ್ಟೇ ನಿಧಾನವಾಗಿ ಅವನತ್ತ ತಿರುಗಿದರು. "ನಿಮ್ದು?"

ಅವನಿಗೆ ಅದೇ ಕ್ಷಣ ಒಂದು ಫೋನು ಬಂತು. ಗಂಟೆಯ ಸದ್ದು ಬೇರೆ ಯಾರಿಗೂ ಕೇಳಿಸಲಿಲ್ಲ. "ಅರ್ಜೆಂಟು, ಬರ್ತೀನಿ" ಎಂದು ಕಿವಿಗೆ ಫೋನು ಒತ್ತಿಕೊಂಡು ಕಾರಿನತ್ತ ಹೊರಟ. ಪೇದೆ, "ಸ್ವಲ್ಪ ನಿಂತ್ಕೊಳಿ ಸಾರ್" ಎನ್ನುತ್ತ ಹಿಂದೆ ಹೊರಟ. ಓಡಿದರೂ ಬೀಳುವುದಿಲ್ಲ ಎಂದು ಅವನು ಹೇಳಿದ್ದು ನಿಜ. ಓಡುವಾಗ ಯಾವುದೂ ಬೀಳಲಿಲ್ಲ. ಮಿಕ್ಕವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಾವೂ ತಮ್ಮತಮ್ಮ ಅಂಗಿ ಎಳೆದುಕೊಂಡು ಕರಗಿದರು. ಅರ್ಧ ಗಂಟೆಯಲ್ಲಿ ಅಳತೆ ಮುಗಿಯಿತು. ಕಲ್ಲು ಸಾಕಮ್ಮ ಕೂತ ಜಾಗದಲ್ಲೇ ಇದೆಯೆಂದು ದಾಖಲಾಯಿತು. ಕಮಿಷನರಮ್ಮ ವರದಿಯಲ್ಲಿ, ಸ್ಥಳಪರಿಶೀಲನೆಯ ಮಧ್ಯೆ ಪ್ರತಿವಾದಿಯ ವಕೀಲರ ಲೈಸೆನ್ಸುಳ್ಳ ಪೂಜಿತ ವಸ್ತುವೊಂದು ಕೆಳಕ್ಕೆ ಬಿದ್ದು ಅವರಿಗೇ ಹಿಂದಿರುಗಿಸಲ್ಪಟ್ಟಿತು ಎಂದು ಬರೆದಿದ್ದಾರೆ.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಸೀತಾಲಕ್ಷ್ಮಿ ಕೈಯ ಕೆಲಸ ಬಿಟ್ಟು ಕೇಳಿಸಿಕೊಂಡಳು. ಕಟ್ಟಿನ ಮಾತು ಬರುತ್ತದೆಂದು ಕಾದೆ. "ಹೆಂಗಸು ಬೆಳಗಿಂದ ಕಲ್ಲಿನ ಮೇಲೆ ಕೂತಿದ್ಳಾ? ತಿಂಡಿ ತಿಂದಿದ್ಳಾ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. "ಅದನ್ನ ಕೇಳ್ಲಿಲ್ವಾ ನೀವು!" ಎಂದು ಒಳಗೆ ಹೋದಳು. ಮುಂದಿನ ವಾಯಿದೆಯ ದಿನ ಕಟ್ಟಿನ ಜೊತೆ ನನ್ನ ಕೈಗೆ ಎರಡು ಡಬ್ಬಿ ಉಪ್ಪಿಟ್ಟು ಬಂತು.

ಅಷ್ಟರಲ್ಲಿ ಚುನಾವಣೆ ಘೋಷಣೆಯಾಯಿತು. ಚುನಾವಣೆ ಬಂದರೆ ಲೈಸೆನ್ಸುಳ್ಳವರೆಲ್ಲ ಆಯುಧಗಳನ್ನು ಠಾಣೆಯಲ್ಲಿ ಒಪ್ಪಿಸಿ ರಸೀದಿ ಪಡೆಯಬೇಕು. ಪ್ರಜಾಪ್ರಭುತ್ವದ ಈ ಬನ್ನಿಮರಕ್ಕೆ ಮೊದಲು ಓಡಿದವನು ನಾನೇ ಇರಬೇಕು. ಚುನಾವಣೆ ಮುಗಿದು, ಗೆದ್ದವರ ಮೆರವಣಿಗೆಯೂ ಮುಗಿಯಿತು. ಠಾಣೆಯಿಂದ ಮೂರು ಸಲ ಫೋನು ಬಂತು: "ಸಾರ್, ನಿಮ್ದೊಂದೇ ಉಳಿದಿರೋದು, ಬಂದು ತಗೊಂಡೋಗಿ." ಮೂರು ಸಲವೂ ನಾನು ನನ್ನ ಹಳೆಯ ಆಯುಧವನ್ನೇ ಬಳಸಿದೆ, ಮುಂದಿನ ವಾರಕ್ಕೆ ವಾಯಿದೆ ಕೇಳಿದೆ.

ರಸೀದಿ ನನ್ನ ಅಂಗಿಯ ಜೇಬಿನಲ್ಲಿದೆ. ನಾಲ್ಕು ಮಡಿಕೆಯ ಕಾಗದ. ಕೂತರೆ ಒತ್ತುವುದಿಲ್ಲ, ತಬ್ಬಿದರೆ ತಿಳಿಯುವುದಿಲ್ಲ, ಬಗ್ಗಿದರೆ ಜಾರುವುದಿಲ್ಲ. ರಿವಾಲ್ವರನ್ನು ಒಯ್ಯಲು ಇದಕ್ಕಿಂತ ಆರಾಮವಾದ ವಿಧಾನ ಇದುವರೆಗೆ ನನಗೆ ಸಿಕ್ಕಿಲ್ಲ. ಕಂಕುಳು ಖಾಲಿಯಾದ್ದರಿಂದ ಅಲ್ಲಿ ಈಗ ಸಾಕಮ್ಮನ ಕಟ್ಟು ಇರುತ್ತದೆ. ತೂಕ ಹೆಚ್ಚುಕಡಿಮೆ ಅಷ್ಟೇ, ಆದರೆ ಅಲ್ಲೇ ಹುಟ್ಟಿದ್ದರ ಹಾಗೆ ಕೂರುತ್ತದೆ.

ಮೊನ್ನೆ ಕೋರ್ಟಿನ ಮೆಟ್ಟಿಲಲ್ಲಿ ಸಾಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಈಗ ನೆಟ್ಟಗೆ ನಡೀತೀರಿ ಸಾಮಿ" ಎಂದಳು. ಆಮೇಲೆ, ಬೆಳಗಿನ ವಾಕಿಂಗಿಗೆ ಒಬ್ಬನೇ ಹೋಗುತ್ತೇನೆಂದು ಯಾರಿಂದಲೋ ತಿಳಿದಿದ್ದಳೇನೋ, ಎಲೆಅಡಿಕೆ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಸೇರಿಸಿದಳು: "ಭಯ ಆದ್ರೆ ಯೋಳಿ. ನಾ ಬತ್ತೀನಿ ಜೊತೇಗೆ."